ಮಕ್ಕಳು ಕಂಡದ್ದನ್ನೇ ಬರೆಯಲಿ: ವಿಜ್ಞಾನ ಪ್ರಯೋಗಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಪೋಷಕರ ಸಭೆಯಲ್ಲಿ ನಿಮ್ಮಲ್ಲಿ ಕೆಲವರು ವಿಜ್ಞಾನ ಪ್ರಯೋಗಗಳ ವಿಷಯ ಎತ್ತಿದ್ದಿರಿ. ಮಕ್ಕಳು ಪ್ರಯೋಗಶಾಲೆಯಲ್ಲೇ ಇಷ್ಟು ಹೊತ್ತು ಕಳೆದರೆ ಪಾಠ ಮುಗಿಯುವುದು ಯಾವಾಗ, ಎಸ್‌ಎಸ್‌ಎಲ್‌ಸಿಯಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ ಇರುವಾಗ ಇದೆಲ್ಲ ಬೇಕೇ ಎಂದು ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ. ಅಂದು ಸಮಯ ಸಾಲಲಿಲ್ಲವಾದ್ದರಿಂದ ಈ ಪತ್ರದಲ್ಲಿ ಉತ್ತರಿಸುತ್ತಿದ್ದೇನೆ. ಉತ್ತರಕ್ಕೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಅನುಭವ ಸಾಕು. ಅವಳ ಹಾಗೂ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ.

ದ್ರವ್ಯದ ಪಾಠದಲ್ಲಿ ಒಂದು ಚಟುವಟಿಕೆ ಇದೆ. ಬೀಕರಿನಲ್ಲಿ ಮಂಜುಗಡ್ಡೆಯ ಚೂರು ಹಾಕಿ, ಥರ್ಮಾಮೀಟರ್ ಇಳಿಬಿಟ್ಟು, ಸಣ್ಣ ಉರಿಯಲ್ಲಿ ಕಾಯಿಸುತ್ತಾ ಆಗಾಗ ಉಷ್ಣತೆಯನ್ನು ಬರೆದುಕೊಳ್ಳಬೇಕು. ಮಂಜುಗಡ್ಡೆ ಪೂರ್ತಿ ಕರಗುವ ತನಕ ಥರ್ಮಾಮೀಟರಿನ ಕೆಂಪು ಗೆರೆ ಸೊನ್ನೆಯ ಹತ್ತಿರವೇ ನಿಂತಿರುತ್ತದೆ. ಕೆಳಗೆ ಉರಿ ಇದ್ದರೂ ಏರುವುದಿಲ್ಲ. ಗುಪ್ತೋಷ್ಣದ, ಅಂದರೆ ಉಷ್ಣತೆಯನ್ನು ಏರಿಸದೆ ಕರಗಿಸುವುದಕ್ಕೇ ಖರ್ಚಾಗುವ ಶಾಖದ, ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುವ ಮಕ್ಕಳೂ ಆಗ ‘ಸರ್, ಥರ್ಮಾಮೀಟರ್ ಕೆಟ್ಟಿದೆ’ ಎಂದು ಕೂಗುತ್ತಾರೆ. ಪ್ರತಿ ವರ್ಷ ಆಗುವ ಮಾತು ಇದು. ಬಾಯಿಪಾಠವಾದದ್ದು ಇನ್ನೂ ಅರ್ಥವಾಗಿಲ್ಲ ಎಂಬುದು ಅಲ್ಲಿ ಗೊತ್ತಾಗುತ್ತದೆ. ಪ್ರಯೋಗಶಾಲೆಯಲ್ಲಲ್ಲದೆ ಬೇರೆಲ್ಲೂ ಅದು ನಮಗೆ ಗೊತ್ತಾಗುವುದಿಲ್ಲ.

ಈ ಹುಡುಗಿಯ ಕಥೆ ಇರುವುದು ನೀರು ಕುದಿಯುವ ಕಡೆ. ಅವಳ ಬೀಕರಿನಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಕೆಂಪು ಗೆರೆ 96ಕ್ಕೂ 97ಕ್ಕೂ ನಡುವೆ ಬಂದು ನಿಂತಿತು, ಮೇಲೆ ಹೋಗಲಿಲ್ಲ. ಅವಳು 96.5 ಎಂದು ಬರೆದಳು. ಉಳಿದ ಗುಂಪುಗಳು ಹೆಚ್ಚಾಗಿ 100 ಎಂದೇ ಬರೆದಿದ್ದವು. ಮರುದಿನ ಅವಳ ಪುಸ್ತಕದಲ್ಲೂ 96.5ರ ಮೇಲೆ ಬಿಳಿ ಬಣ್ಣ ಹಚ್ಚಿ 100 ಎಂದು ಬರೆದಿತ್ತು. ಮನೆಯಲ್ಲಿ ಯಾರೋ ಹಿರಿಯರು ‘ನೀರು ಕುದಿಯುವುದು 100ಕ್ಕೆ, ತಪ್ಪು ಬರೆದರೆ ಅಂಕ ಹೋಗುತ್ತದೆ’ ಎಂದು ತಿದ್ದಿಸಿದ್ದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ.

ಆದರೆ ಅವಳು ಬರೆದದ್ದೇ ಸರಿಯಾಗಿತ್ತು.

ವಿಜ್ಞಾನ ಶಿಕ್ಷಕರು ಉತ್ತರ ಹೇಳಿಬಿಡಲಿಲ್ಲ. ಸುಳ್ಳು ಹೇಳುತ್ತಿರುವುದು ಥರ್ಮಾಮೀಟರೋ ಪಠ್ಯಪುಸ್ತಕವೋ ಕಂಡುಹಿಡಿಯಿರಿ ಎಂದು ತರಗತಿಗೇ ಒಪ್ಪಿಸಿದರು. ಮಕ್ಕಳು ಮೊದಲು ಥರ್ಮಾಮೀಟರ್ ಬದಲಿಸಿ ನೋಡಿದರು. ಅದೂ ಅಷ್ಟೇ ತೋರಿಸಿತು. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಅದ್ದಿದರೆ ಸೊನ್ನೆ ಬಂತು, ಅಂದರೆ ಉಪಕರಣದಲ್ಲಿ ದೋಷವಿಲ್ಲ. ಥರ್ಮಾಮೀಟರಿನ ಬುರುಡೆ ಬೀಕರಿನ ತಳಕ್ಕೆ ತಾಗದಂತೆ ಎತ್ತಿ ಕಟ್ಟಿದರು. ಬಾವಿ ನೀರಿನಲ್ಲಿರುವ ಲವಣದಿಂದ ಹೀಗಾಗುತ್ತಿರಬಹುದೇ ಎಂದು ಆ ಹುಡುಗಿಯೇ ಕೇಳಿದಳು. ಉಪ್ಪು ಹಾಕಿ ಕುದಿಸಿದಾಗ ಅಂಕಿ ಇಳಿಯುವ ಬದಲು ಸ್ವಲ್ಪ ಏರಿತು. ಹಾಗಾಗಿ ಆ ಅನುಮಾನವೂ ಬಿದ್ದುಹೋಯಿತು. ನೀರೂ ಸರಿ, ಉಪಕರಣವೂ ಸರಿ ಎಂದ ಮೇಲೆ ಉಳಿದದ್ದು ಬೀಕರಿನ ಮೇಲಿರುವ ಗಾಳಿ ಒಂದೇ.

ನೀರು 100 ಡಿಗ್ರಿಗೆ ಕುದಿಯುವುದು ಸಮುದ್ರ ಮಟ್ಟದ ವಾತಾವರಣದ ಒತ್ತಡದಲ್ಲಿ. ನಮ್ಮ ಚಿಕ್ಕಮಗಳೂರು ಅದಕ್ಕಿಂತ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಹಬೆಗೆ ಹೊರಬರುವುದು ಸುಲಭವಾಗುತ್ತದೆ. ಸರಿಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಇಷ್ಟು ತಿಳಿದ ಕೂಡಲೇ ಅವಳು ನೂರಕ್ಕೆ ಕಡಿಮೆಬಿದ್ದ ಮೂರೂವರೆ ಡಿಗ್ರಿಯನ್ನು 300ರಿಂದ ಗುಣಿಸಿ 1,050 ಎಂದಳು. ಒಂದು ಸ್ಪಿರಿಟ್ ದೀಪ, ಒಂದು ಥರ್ಮಾಮೀಟರ್ ಇಟ್ಟುಕೊಂಡು ನಮ್ಮ ಊರಿನ ಎತ್ತರವನ್ನು ಒಬ್ಬ ವಿದ್ಯಾರ್ಥಿನಿ ಇಷ್ಟು ಹತ್ತಿರಕ್ಕೆ ಅಳೆದಳು! ಹತ್ತೊಂಬತ್ತನೆಯ ಶತಮಾನದ ಸರ್ವೇಕ್ಷಕರು ಬೆಟ್ಟಗಳ ಎತ್ತರವನ್ನು ನೀರು ಕುದಿಸಿಯೇ ಅಂದಾಜು ಮಾಡುತ್ತಿದ್ದರು ಎಂದು ಶಿಕ್ಷಕರು ಹೇಳಿದಾಗ ಅವಳ ಮುಖ ನೋಡಬೇಕಿತ್ತು. 1835ರಲ್ಲಿ ಆಂಡಿಸ್ ಪರ್ವತ ದಾಟುವಾಗ ಚಾರ್ಲ್ಸ್ ಡಾರ್ವಿನ್ನನ ಜೊತೆಗಾರರು ರಾತ್ರಿಯೆಲ್ಲ ಬೇಯಿಸಿದರೂ ಆಲೂಗಡ್ಡೆ ಬೇಯದಿದ್ದಾಗ, ಹೊಸ ಪಾತ್ರೆಯೇ ಸರಿಯಿಲ್ಲ ಎಂದು ಅದನ್ನು ಶಪಿಸಿದ್ದರಂತೆ. ನಮ್ಮ ಮಕ್ಕಳು ಪಾತ್ರೆಯನ್ನು ದೂರದೆ ಕಾರಣ ಹುಡುಕಿದರು.

ಅವಳ ತಂದೆ ಕಾಫಿ ತೋಟದಲ್ಲಿ ರೈಟರ್. ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಎಂದು ಪುಸ್ತಕದಲ್ಲಿ ಬರೆಯುವವರು. ಶಾಲೆಗೆ ಬಂದಾಗ ಅವರೇ ಹೇಳಿದರು: ಪಕ್ಕದ ತೋಟದಲ್ಲಿ ಹೆಚ್ಚು ಮಳೆಯಾಯಿತೆಂದು ನಮ್ಮ ಅಂಕಿಯನ್ನು ತಿದ್ದುವುದಿಲ್ಲ, ಹಾಗೆ ತಿದ್ದಿದರೆ ಗೊಬ್ಬರ, ಔಷಧಿಯ ಲೆಕ್ಕವೆಲ್ಲ ತಪ್ಪುತ್ತದೆ. ನಾನು ಹೇಳಬೇಕೆಂದಿದ್ದ ಮಾತನ್ನು ಅವರು ನನಗಿಂತ ಚೆನ್ನಾಗಿ ಹೇಳಿದರು. ನಿಮ್ಮಲ್ಲಿ ಬಹಳ ಮಂದಿ ಇಂಥ ಅಳತೆಯ ನಡುವೆಯೇ ಬದುಕುವವರು. ಮಕ್ಕಳಿಂದಲೂ ನಾವು ಕೇಳುತ್ತಿರುವುದು ಅದನ್ನೇ.

ಅಂಕಗಳ ಮಾತಿಗೆ ಬರುತ್ತೇನೆ. ಆಂತರಿಕ ಮೌಲ್ಯಮಾಪನದ 20 ಅಂಕಗಳಿವೆ ಎಂಬುದು ಸಣ್ಣ ಸಮಾಧಾನ, ನನ್ನ ವಾದ ಅದಲ್ಲ. ಕುದಿಯುವ ಬಿಂದು, ಒತ್ತಡ, ಆವೀಕರಣ ಇವುಗಳ ಮೇಲೆ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಈ ತರಗತಿ ಈಗ ಉತ್ತರಿಸುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಕಾಳು ಬೇಗ ಬೇಯುವುದೇಕೆ ಎಂದು ಕೇಳಿದ್ದಕ್ಕೆ, ಒಳಗೆ ಒತ್ತಡ ಹೆಚ್ಚಿ ನೀರು 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಪಾಠ ಹಿಂದೆ ಬಿದ್ದದ್ದು ನಿಜ. ಅದನ್ನು ಶನಿವಾರಗಳಲ್ಲಿ ಸರಿದೂಗಿಸುತ್ತಿದ್ದೇವೆ. ಆದರೆ ಪ್ರಯೋಗದ ಅವಧಿಯನ್ನು ನಾನು ಕಡಿತ ಮಾಡುವುದಿಲ್ಲ.

ಸುರಕ್ಷತೆಯ ಬಗ್ಗೆ ಆತಂಕ ಬೇಡ. ಉರಿ, ಆಮ್ಲ ಇರುವ ಕಡೆ ಶಿಕ್ಷಕರು ಪಕ್ಕದಲ್ಲೇ ಇರುತ್ತಾರೆ, ಜಡೆ ಬಿಗಿದು ಕಟ್ಟಿರಬೇಕು, ದುಪಟ್ಟಾ ತೂಗಾಡಬಾರದು. ಆಮ್ಲವನ್ನು ನೀರಿಗೆ ಸೇರಿಸಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು ಎಂಬುದನ್ನು ಮೊದಲ ದಿನವೇ ಕಲಿಸಿದ್ದೇವೆ. ಮನೆಯಲ್ಲಿ ಮಾತ್ರ ಆಮ್ಲ, ಸ್ಪಿರಿಟ್ ಮುಟ್ಟಲು ಬಿಡಬೇಡಿ. ಅರಿಶಿನದ ನೀರಿಗೆ ಸೋಪಿನ ನೀರು ಹಾಕಿ ಕೆಂಪಾಗುವುದನ್ನು ನೋಡಲಿ, ದಾಸವಾಳದ ರಸಕ್ಕೆ ನಿಂಬೆ ಹಿಂಡಿ ನೋಡಲಿ. ಬಟ್ಟೆಗೆ ಕಲೆಯಾದರೆ ದಯವಿಟ್ಟು ಬೈಯಬೇಡಿ.

ನಿಮ್ಮಲ್ಲಿ ನನ್ನ ಮುಖ್ಯ ಕೋರಿಕೆ ಒಂದೇ. ಪ್ರಯೋಗದ ಪುಸ್ತಕದಲ್ಲಿ ಮಕ್ಕಳು ಬರೆದ ಅಂಕಿಗಳನ್ನು ತಿದ್ದಿಸಬೇಡಿ. ಪಠ್ಯಪುಸ್ತಕಕ್ಕೆ ಹೊಂದದ ಅಂಕಿಗೆ ನಾವು ಅಂಕ ಕಳೆಯುವುದಿಲ್ಲ. ಹಾಗೇಕೆ ಬಂತು ಎಂದು ಕೇಳುತ್ತೇವೆ, ಅಷ್ಟೇ. ವಿಜ್ಞಾನ ಪ್ರದರ್ಶನಕ್ಕೆ ಅಂಗಡಿಯಿಂದ ಸಿದ್ಧ ಥರ್ಮಾಕೋಲ್ ಮಾದರಿಗಳನ್ನೂ ಕೊಡಿಸಬೇಡಿ. ಮಗು ತಾನೇ ಕಟ್ಟಿದ ಸೊಟ್ಟ ಮಾದರಿ ನಮಗೆ ಸಾಕು.

ದಸರಾ ರಜೆಯಲ್ಲಿ ಮಂಗಳೂರು, ಉಡುಪಿ ಕಡೆ ನೆಂಟರ ಮನೆಗೆ ಹೋಗುವವರು ರಜೆಗೆ ಮುಂಚೆ ತರಗತಿ ಶಿಕ್ಷಕರಿಗೆ ತಿಳಿಸಿ. ಶಾಲೆಯಿಂದ ಥರ್ಮಾಮೀಟರ್ ಕೊಟ್ಟು ಕಳುಹಿಸುತ್ತೇವೆ. ಅಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ದೊಡ್ಡವರ ಎದುರಿನಲ್ಲಿ ಮಕ್ಕಳೇ ನೋಡಿ ಬರೆದು ತರಲಿ. ದಾರಿಯಲ್ಲಿ ರೈಲು ನಿಲ್ದಾಣ ಸಿಕ್ಕರೆ ಹಳದಿ ಫಲಕದ ಮೇಲೆ ಸಮುದ್ರ ಮಟ್ಟದಿಂದ ಆ ಊರಿನ ಎತ್ತರ ಬರೆದಿರುತ್ತದೆ, ಅದನ್ನೂ ಗುರುತು ಹಾಕಿಕೊಳ್ಳಲಿ. ಜೊತೆಗಿರುವ ಚೀಟಿಯನ್ನು ತುಂಬಿ ಶುಕ್ರವಾರದೊಳಗೆ ಕಳುಹಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ