ಟೈಲರಿಂಗ್ ಕ್ಲಾಸಲ್ಲಿ ಕ್ವಿಲ್ಟಿಂಗೂ ಕಲಿಸಿ

ಸಂಪಾದಕರಿಗೆ ನಮಸ್ಕಾರ,

ನಮ್ಮ ಕೊಡಗಲ್ಲಿ ಮಳೆ ಹಿಡಿದ್ರೆ ಹೊರಗೆ ಕಾಲಿಡೋಕಾಗಲ್ಲ, ಮೂಲೇಲಿ ಹೊಲಿಗೆ ಮಿಷನ್ ಇರೋ ಮನೆಗಳೂ ಬೇಕಾದಷ್ಟಿವೆ, ಆದ್ರೆ ತರಬೇತಿ ಅಂದ್ರೆ ಬ್ಲೌಸು ಚೂಡಿದಾರ್‌ಗೇ ನಿಂತುಬಿಡುತ್ತೆ. ಅದೇ ಮಿಷನಲ್ಲಿ ಫ್ರೀ ಮೋಷನ್ ಕ್ವಿಲ್ಟಿಂಗ್, ಅಂದ್ರೆ ಪದರ ಪದರ ಬಟ್ಟೆನ ಕೈಯಲ್ಲೇ ಬೇಕಾದ ಕಡೆ ತಿರುಗಿಸ್ತಾ ಚಿತ್ತಾರದ ಹಾಗೆ ಹೊಲಿಯೋದು, ಮಾಡಬಹುದು ಅಂತ ಯಾರೂ ಹೇಳ್ಕೊಡಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರು.

ಬಟ್ಟೆ ತಳ್ಳೋ ಹಲ್ಲನ್ನ ಕೆಳಗಿಳಿಸಿ ಡಾರ್ನಿಂಗ್ ಫೂಟ್ (ಬಟ್ಟೆನ ಬಿಗಿಯಾಗಿ ಒತ್ತದ ಪಾದ) ಹಾಕಿದ್ರೆ ಬಟ್ಟೆ ನಮ್ಮ ಕೈ ಹೋದ ಕಡೆ ಹೋಗುತ್ತೆ, ಕಾಫಿ ಎಲೆ, ಮೆಣಸಿನ ಬಳ್ಳಿ ಏನು ಬೇಕಾದ್ರೂ ಸೂಜೀಲೇ ಬಿಡಿಸಬಹುದು. ಹೊಲಿಗೆ ಉದ್ದ ಎಷ್ಟು ಅನ್ನೋದು ಆಗ ಮಿಷನ್ ಕೈಲಿರಲ್ಲ, ಮಿಷನ್ ನಿಧಾನ ಇದ್ದು ಕೈ ಜೋರಾದ್ರೆ ಹೊಲಿಗೆ ಉದ್ದುದ್ದ ಬೀಳುತ್ತೆ, ಕೈ ತಡೆದ್ರೆ ಒಂದೇ ಕಡೆ ಒತ್ತಾಗುತ್ತೆ. ಅಡೀಲಿ ದಾರ ಗಂಟಾದ್ರೆ ಬಾಬಿನ್ನಿಗೆ ಕೈ ಹಾಕಬೇಡಿ, ಫೂಟ್ ಎತ್ತಿ ಮೇಲಿನ ದಾರ ಮತ್ತೆ ಪೋಣಿಸಿ ನೋಡಿ, ಬಹಳ ಸಲ ಅಲ್ಲೇ ಸರಿಹೋಗುತ್ತೆ.

ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೇ ಬಟ್ಟೇಲಿ ಕೈಯಲ್ಲೇ ಹೊಲಿಯೋ ಕವಂದಿ ಅನ್ನೋ ಕೌದಿಗೆ ಎಷ್ಟು ಹೆಸರಿದೆ ನೋಡಿ. ನಮ್ಮ ಮನೆಗಳಲ್ಲೂ ಹಳೇ ಕಾಟನ್ ಸೀರೆಗಳಿಗೇನು ಬರವಾ? ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಟೈಲರಿಂಗ್ ಕ್ಲಾಸ್ ನಡೆಸೋರು ಮುಂದಿನ ಬ್ಯಾಚಿಂದಲೇ ಇದನ್ನ ಸೇರಿಸ್ಲಿ, ನಿಮ್ಮ ಪತ್ರಿಕೇಲೂ ಚಿತ್ರ ಸಮೇತ ಹಂತ ಹಂತವಾಗಿ ಹಾಕಿ ಪ್ಲೀಸ್.

– ಓದುಗಿ, ಸೋಮವಾರಪೇಟೆ