ಭಾನುವಾರದ ಆಲಿಸುವಿಕೆಗೆ ಹಾಡು ಕಳಿಸಿ: ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್, 1971–74

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ಸ್ಕಾಟ್ಲೆಂಡಿನ ಜಾನಪದ ತಂಡ ಇನ್‌ಕ್ರೆಡಿಬಲ್ ಸ್ಟ್ರಿಂಗ್ ಬ್ಯಾಂಡ್ 1974ರಲ್ಲಿ ಒಡೆಯುವ ಮೊದಲಿನ ಕೊನೆಯ ವರ್ಷಗಳ ಸಂಕಲನ ಕೇಳೋಣ. ಐಲ್ಯಾಂಡ್ ರೆಕಾರ್ಡ್ ಕಂಪನಿಯ ಆಲ್ಬಮ್‌ಗಳಷ್ಟೇ. 60ರ ದಶಕದ ಎಲೆಕ್ಟ್ರಾ ಕಂಪನಿಯ ಹಾಡುಗಳು ಬೇಡ, ಅವನ್ನು ಎಲ್ಲರೂ ಕೇಳಿದ್ದೇವೆ.

ಪ್ರತಿಯೊಬ್ಬರೂ ಎರಡು ಹಾಡು ಸೂಚಿಸಿ, ಜೊತೆಗೆ ಆಲ್ಬಮ್ ಹೆಸರು ಮತ್ತು ಅವಧಿ ಇರಲಿ. ಸಂಕಲನದ ಸಿಡಿಯಲ್ಲಿ ಹಿಡಿಸುವುದು 80 ನಿಮಿಷ ಮಾತ್ರ. 1974ರ 'ಹಾರ್ಡ್ ರೋಪ್ ಅಂಡ್ ಸಿಲ್ಕನ್ ಟ್ವೈನ್'ನ 'ಇತ್ಕಾಸ್' ಒಂದೇ ಸುಮಾರು 19 ನಿಮಿಷ ನುಂಗುತ್ತದೆ. ಆದರೂ ಇರಲಿ, ತುಂಡು ಮಾಡಿದರೆ ಅದಕ್ಕೆ ಅರ್ಥವಿಲ್ಲ. 1971ರ 'ಬಿ ಗ್ಲಾಡ್' ಎಲ್‌ಪಿಯ ಎರಡನೇ ಬದಿ ಚಿತ್ರದ ಹಿನ್ನೆಲೆ ಸಂಗೀತ, ಅದನ್ನು ಬಿಡೋಣ.

ಫೈಲ್ ನಿಮ್ಮದೇ ಸಿಡಿಯಿಂದ ತೆಗೆದ ಫ್ಲ್ಯಾಕ್ (ಗುಣಮಟ್ಟ ಕಳೆಯದ ಆಡಿಯೋ ರೂಪ) ಆಗಿರಲಿ, 16 ಬಿಟ್, 44.1 ಕಿಲೋಹರ್ಟ್ಸ್. ವಾಟ್ಸಾಪ್‌ನಲ್ಲಿ ಆಡಿಯೋ ಆಗಿ ಹಾಕಬೇಡಿ, 'ಡಾಕ್ಯುಮೆಂಟ್' ಆಗಿ ಕಳಿಸಿ. ಬೇರೆ ಬೇರೆ ಆಲ್ಬಮ್‌ಗಳ ಧ್ವನಿಮಟ್ಟ ಹೊಂದುವುದಿಲ್ಲ. ಅದನ್ನು ಕೊನೆಯಲ್ಲಿ ಹಾಡುವಾರು ಒಟ್ಟಿಗೆ ಸರಿಮಾಡುತ್ತೇವೆ, ನೀವು ಧ್ವನಿ ಏರಿಸಿ ಕಳಿಸಬೇಡಿ. ಏರಿಸಿದಾಗ ಒಡೆದ ದನಿಯನ್ನು ಮತ್ತೆ ಕೂಡಿಸಲಾಗದು.

ಶುಕ್ರವಾರ ರಾತ್ರಿ 9ರೊಳಗೆ ಹಾಡು ತಿಳಿಸಿ. ಬರಲಾಗದವರೂ ಒಂದು ಸಾಲು ಹಾಕಿ, ಕುರ್ಚಿ ಲೆಕ್ಕಕ್ಕೆ ಬೇಕು.