ರುಚಿ ನೋಡುವವರಿಗೆ ಅಡುಗೆ ಮಾಡಿದವರ ಹೆಸರೇಕೆ?

ಮಾನ್ಯ ಸಂಪಾದಕರೇ,

ತುಳುವರ ಮಳೆಗಾಲದ ಆಟಿ ತಿಂಗಳು ಬಂತೆಂದರೆ ಮಂಗಳೂರಿನಲ್ಲಿ ಅಡುಗೆ ಸ್ಪರ್ಧೆಗಳ ಸುಗ್ಗಿ. ಕಳೆದ ವರ್ಷ ಅಂಥದ್ದೊಂದಕ್ಕೆ ನಾನೂ ಕೆಸುವಿನೆಲೆಯ ಪತ್ರೊಡೆ ಮಾಡಿಕೊಂಡು ಹೋಗಿದ್ದೆ. ಪ್ರತಿ ತಟ್ಟೆಯ ಮುಂದೆ ಸ್ಪರ್ಧಿಯ ಹೆಸರಿನ ಚೀಟಿ, ಹಿಂದೆ ಸ್ವತಃ ಸ್ಪರ್ಧಿ. ತೀರ್ಪುಗಾರರು ಪರಿಚಿತರ ಕುಶಲ ವಿಚಾರಿಸುತ್ತ, ಟೊಮೆಟೊದಲ್ಲಿ ಕೊರೆದ ಗುಲಾಬಿಗಳನ್ನು ಮೆಚ್ಚುತ್ತ ಸಾಗಿ ಹದಿನೇಳನೆಯದಾದ ನನ್ನ ತಟ್ಟೆಯನ್ನು ತಲುಪುವಷ್ಟರಲ್ಲಿ ಅವರ ಹೊಟ್ಟೆ ತುಂಬಿತ್ತು. ಬಹುಮಾನ ಬಾರದ ಹೊಟ್ಟೆಯುರಿಯಿಂದ ಬರೆಯುತ್ತಿದ್ದೇನೆಂದು ಯಾರಾದರೂ ಹೇಳಿದರೆ ಪೂರ್ತಿ ಅಲ್ಲಗಳೆಯಲಾರೆ.

ಅಮೆರಿಕದ ಬಾರ್ಬೆಕ್ಯೂ (ಕೆಂಡ, ಹೊಗೆಯಲ್ಲಿ ಮಾಂಸ ಬೇಯಿಸುವ) ಸ್ಪರ್ಧೆಗಳಲ್ಲಿ, ಮುಖ್ಯವಾಗಿ ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ನಿಯಮದಂತೆ ನಡೆಯುವವುಗಳಲ್ಲಿ, ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿದ್ದಾರೆ. ಕೋಳಿ, ಹಂದಿಯ ಪಕ್ಕೆಲುಬು, ಹಂದಿಮಾಂಸ, ದನದ ಎದೆಮಾಂಸ ಎಂಬ ನಾಲ್ಕು ವಿಭಾಗಗಳಲ್ಲೂ ಎಲ್ಲ ತಂಡಗಳು ಒಂದೇ ಬಗೆಯ ಮುಚ್ಚಿದ ಡಬ್ಬಿಯಲ್ಲಿ ಮಾಂಸವನ್ನು ಒಪ್ಪಿಸಬೇಕು. ಒಪ್ಪಿಸಿದಲ್ಲಿ ತಂಡದ ಸಂಖ್ಯೆಯನ್ನು ಮರೆಮಾಡಿ ಬೇರೊಂದು ಸಂಖ್ಯೆ ಅಂಟಿಸುವುದರಿಂದ, ಮೇಜಿನ ಸುತ್ತ ಕುಳಿತ ಆರು ಮಂದಿಗೆ ತಾವು ತಿನ್ನುತ್ತಿರುವುದು ಯಾರ ಕೈಯಡುಗೆ ಎಂಬುದರ ಸುಳಿವೇ ಇರುವುದಿಲ್ಲ. ಒಂದು ಮೇಜಿಗೆ ಸಾಮಾನ್ಯವಾಗಿ ಆರೇ ಡಬ್ಬಿಗಳು. ಅಂಕ ಬರೆಯುವವರೆಗೆ ಪರಸ್ಪರ ಮಾತಿಲ್ಲ, ಒಂದು ಡಬ್ಬಿಯನ್ನು ಇನ್ನೊಂದಕ್ಕೆ ಹೋಲಿಸುವಂತೆಯೂ ಇಲ್ಲ.

ಅಂಕದ ಲೆಕ್ಕ ನನಗೆ ಇನ್ನೂ ಹೆಚ್ಚು ಹಿಡಿಸಿತು. ನೋಟ, ರುಚಿ, ಮೃದುತ್ವ ಈ ಮೂರಕ್ಕೂ 9ರಿಂದ 2ರವರೆಗೆ ಅಂಕವಿದೆ. 9 ಅತ್ಯುತ್ತಮ, 2 ತಿನ್ನಲಾಗದ್ದು, 1 ನಿಯಮ ಮುರಿದವರಿಗೆ. ಆದರೆ ಮೂರರ ತೂಕ ಒಂದೇ ಅಲ್ಲ: ನೋಟದ ಅಂಕವನ್ನು 0.5600ರಿಂದ, ಮೃದುತ್ವದ್ದನ್ನು 1.1428ರಿಂದ, ರುಚಿಯದ್ದನ್ನು 2.2972ರಿಂದ ಗುಣಿಸುತ್ತಾರೆ. ಅಂದರೆ ಚಂದಕ್ಕಿಂತ ರುಚಿಗೆ ನಾಲ್ಕು ಪಟ್ಟು ಬೆಲೆ. ಆರು ಮಂದಿಯಲ್ಲಿ ಅತಿ ಕಡಿಮೆ ಕೊಟ್ಟವರ ಅಂಕವನ್ನು ಕೈಬಿಟ್ಟು ಉಳಿದ ಐದನ್ನು ಕೂಡಿಸುತ್ತಾರೆ, ಗರಿಷ್ಠ ಅಂಕ 180. ಒಬ್ಬರ ಮುನಿಸು ಅಥವಾ ಕೆಟ್ಟ ನಾಲಿಗೆಯಿಂದ ಯಾರೂ ಸೋಲಬಾರದೆಂಬ ಈ ಎಚ್ಚರ ನಮ್ಮಲ್ಲೆಲ್ಲಿದೆ? ಡಬ್ಬಿಯೊಳಗಿನ ಅಲಂಕಾರಕ್ಕೂ ಲೆಟ್ಯೂಸ್, ಪಾರ್ಸ್ಲಿ, ಕೇಲ್, ಕೊತ್ತಂಬರಿಯಂಥ ಹಸಿರೆಲೆ ಬಿಟ್ಟು ಬೇರೇನೂ ಸಲ್ಲದು. ಟೊಮೆಟೊ ಗುಲಾಬಿ ಇಟ್ಟವರಿಗೆ ಅಲ್ಲಿ ನೋಟದಲ್ಲಿ ಸಿಗುವುದು 1.

ಈ ಕ್ರಮದಲ್ಲಿ ದೋಷವಿಲ್ಲವೆಂದಲ್ಲ. ಅಪರಿಚಿತರಾದ ಆರು ನಾಲಿಗೆಗಳಿಗೂ ಒಪ್ಪುವಂತೆ ಬೇಯಿಸಹೊರಟವರು ಯಾರನ್ನೂ ಕೆರಳಿಸದ ನಡುಮಟ್ಟದ ರುಚಿಗೆ ಇಳಿಯುವ ಅಪಾಯವಿದೆ. ಖಾರ, ಹುಳಿ ಮುಂದಾದ ಹಂದಿ ಬಫಾತ್, ಕುಂದಾಪುರದ ಕೋಳಿ ಸುಕ್ಕ ಹಾಗೆ ಸೌಮ್ಯವಾದರೆ ನಷ್ಟ ನಮಗೇ. ಅದಕ್ಕಾಗಿ ತೀರ್ಪುಗಾರರನ್ನು ಆಯಾ ಅಡುಗೆ ಬಲ್ಲವರಿಂದಲೇ ಆರಿಸಬೇಕೇ ಹೊರತು, ಮುಖ್ಯ ಅತಿಥಿಗಳ ಪಟ್ಟಿಯಿಂದಲ್ಲ.

ಕಂಬಳದಲ್ಲಿ ಯಾವ ಕೋಣಗಳ ಜೋಡಿ ಮೊದಲು ಮಂಜೊಟ್ಟಿ, ಅಂದರೆ ಗುರಿ, ಮುಟ್ಟಿತೆಂದು ತಿಳಿಯಲು ಲೇಸರ್ ಕಿರಣ ಕಟ್ಟಿದ ಊರು ನಮ್ಮದು. ಪತ್ರೊಡೆಗೆ ಅಷ್ಟೆಲ್ಲ ಬೇಡ. ಒಂದೇ ಅಳತೆಯ ಅಡಿಕೆ ಹಾಳೆತಟ್ಟೆ, ಸಂಖ್ಯೆಯ ಚೀಟಿ ಮತ್ತು ತೀರ್ಪು ಮುಗಿಯುವವರೆಗೆ ಸ್ಪರ್ಧಿಗಳನ್ನು ಹೊರಗೆ ಕೂರಿಸಲು ಒಂದು ಕೋಣೆ, ಇಷ್ಟನ್ನು ಬರುವ ಆಟಿಯೊಳಗೆ ಸಂಘಟಕರು ಒದಗಿಸಬಹುದಲ್ಲವೇ?

– ಒಬ್ಬ ಓದುಗ, ಉರ್ವ, ಮಂಗಳೂರು